ಪಕ್ಕದ ಸೀಟಿನವನಿಗೆ ಬೇರೆ ಹಣವೇಕೆ?

ಸೇಡಂ ತಾಲ್ಲೂಕಿನಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: "ಮೊಮ್ಮಗ ಪೈಲಟ್ ತರಬೇತಿಗೆ ಸೇರಿದ್ದಾನೆ. ಎರಡು ಎಕರೆ ಹೊಲ ಹೋಯಿತು, ಮೇಲೆ ಬ್ಯಾಂಕಿನ ಸಾಲ. ವಿಮಾನಕ್ಕೆ ಕೊಡೋಣ, ಇಂಧನಕ್ಕೆ ಕೊಡೋಣ. ಪಕ್ಕದ ಸೀಟಿನಲ್ಲಿ ಸುಮ್ಮನೆ ಕುಳಿತು ಬರುವ ಶಿಕ್ಷಕನಿಗೆ ಗಂಟೆಯ ಲೆಕ್ಕದಲ್ಲಿ ಬೇರೆ ಏಕೆ? ಹಾರುವ ಮುನ್ನ ನೆಲದ ಮೇಲೆ ಮಾತನಾಡಿದ್ದಕ್ಕೂ ಬಿಲ್ಲು ಹಾಕಿದ್ದಾರೆ. ಆ ಶಿಕ್ಷಕ ಹುಡುಗನಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿಲ್ಲವಂತೆ. ಆಯ್ದಕ್ಕಿ ಲಕ್ಕಮ್ಮನ ಸೀಮೆಯಲ್ಲಿ ಕಲಿಸುವವರಿಗೆ ಇಷ್ಟು ಆಸೆಯೇ?"

ಮಾಸ್ತರರೇ, ನಿಮ್ಮ ಸಂಕಟ ಸುಳ್ಳಲ್ಲ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು, ಅದರ ಒಟ್ಟು ಖರ್ಚು ಈಗ 40 ಲಕ್ಷ ದಾಟುತ್ತದೆ. ತೊಗರಿಯ ದರ ನಂಬಿ ಬದುಕುವ ಮನೆಗೆ ಅದು ಬೆಟ್ಟ. ಯಾವುದಕ್ಕೆ ಎಷ್ಟು ಎಂದು ವಿದ್ಯಾರ್ಥಿ ಸೇರುವ ಮೊದಲೇ ಶಾಲೆಗಳು ಬರೆದು ಕೊಡಬೇಕು ಎಂದು ನೀವು ಕೇಳಿದರೆ ಅದಕ್ಕೂ ನನ್ನ ಸಹಿ ಇದೆ. ನಿಮ್ಮ ಪಕ್ಷಕ್ಕೆ ನಾನು ಕೊಡಬಹುದಾದದ್ದು ಇಷ್ಟೇ. "ಸುಮ್ಮನೆ ಕುಳಿತು ಬರುವ" ಎಂದಿರಲ್ಲ, ಅದು ನನಗೆ ಚುಚ್ಚಿತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಬರೆಯುವ ಮಾತೇ ಇದು?

ಸೆಸ್ನಾದಂಥ ತರಬೇತಿ ವಿಮಾನದಲ್ಲಿ ವಿದ್ಯಾರ್ಥಿ ಎಡಕ್ಕೆ, ಶಿಕ್ಷಕ ಬಲಕ್ಕೆ. ಇಬ್ಬರ ಮುಂದೆಯೂ ಚುಕ್ಕಾಣಿ ಇರುತ್ತದೆ. ಸ್ಟಾಲ್ ಎಂಬ ಪಾಠವನ್ನೇ ನೋಡಿ. ಮೂತಿಯನ್ನು ಮೇಲೆತ್ತುತ್ತ ಹೋದರೆ ಒಂದು ಹಂತದಲ್ಲಿ ರೆಕ್ಕೆಯ ಮೇಲಿನ ಗಾಳಿಯ ಹರಿವು ಮುರಿದು ವಿಮಾನ ಕುಸಿಯುತ್ತದೆ. ಕುಸಿಯುತ್ತಿದ್ದಂತೆ ಹೊಸಬನ ಕೈ ಚುಕ್ಕಾಣಿಯನ್ನು ಹಿಂದಕ್ಕೆಳೆಯುತ್ತದೆ, ಬೀಳುವವನು ಮೇಲಕ್ಕೆ ತಡಕಾಡುವಂತೆ. ಮಾಡಬೇಕಾದದ್ದು ತಿರುವುಮುರುವು: ಮುಂದಕ್ಕೆ ತಳ್ಳಿ ಮೂತಿ ತಗ್ಗಿಸಬೇಕು. ಹುಡುಗ ತಪ್ಪು ಮಾಡುವುದನ್ನು ಶಿಕ್ಷಕ ನೋಡುತ್ತ ಕೂಡಬೇಕು, ಏಕೆಂದರೆ ತಾನೇ ತಿದ್ದಿದರೆ ಅವನು ಕಲಿಯುವುದಿಲ್ಲ. ತೀರ ಹೊತ್ತು ಕೂತರೆ ಇಬ್ಬರೂ ಉಳಿಯುವುದಿಲ್ಲ. ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಆ ಅಳತೆಗೇ ನೀವು ಹಣ ಕೊಡುತ್ತಿರುವುದು. ನೆಲದ ಮೇಲಿನ ಮಾತೂ ಹಾಗೆಯೇ: ಇಂದು ಗಾಳಿ ಎತ್ತಲಿಂದ, ಇಂಧನ ಎಷ್ಟು, ಎಂಜಿನ್ ಕೈಕೊಟ್ಟರೆ ಯಾವ ಬಯಲಿಗೆ ಇಳಿಯುವುದು. ನೀವು ಪಾಠ ಟಿಪ್ಪಣಿ ಬರೆಯದೆ ತರಗತಿಗೆ ಹೋದವರೇ?

ನಾನು ಕಾರು ಕಲಿತದ್ದು ಕಲಬುರಗಿಯಲ್ಲಿ. ಮಾಸ್ತರನ ಕಾಲ ಬಳಿ ಇನ್ನೊಂದು ಬ್ರೇಕ್ ಇತ್ತು. ಜಗತ್ ವೃತ್ತದಲ್ಲಿ ನಾನು ಒಂದು ತಳ್ಳುಗಾಡಿಯ ಮೇಲೆ ಹೊರಟಾಗ ಬಾಳೆಹಣ್ಣನ್ನೂ ಅದರ ಒಡೆಯನನ್ನೂ ಉಳಿಸಿದ್ದು ಆ ಬ್ರೇಕ್. ನಾನು ಕಲಿಯುವಷ್ಟರಲ್ಲಿ ಶಾಲೆಯ ಮಾಲೀಕ ಮೇಲೊಂದು ಮಹಡಿ ಕಟ್ಟಿಸಿದ. ಮಾಸ್ತರ ಸಂಜೆ ಮನೆಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ. ಅಂದಿನಿಂದ ನನಗೊಂದು ಚಾಳಿ: ಎಲ್ಲಿ ಫೀಸು ಕಟ್ಟಿದರೂ ಕಲಿಸುವವನ ಚಪ್ಪಲಿ ನೋಡುತ್ತೇನೆ.

ಆಕಾಶದಲ್ಲೂ ಇದೇ ಕಥೆ. ನೀವು ಕಟ್ಟುವ ಹಣವನ್ನು ಮೊದಲು ನುಂಗುವುದು ಯಂತ್ರ. ಸೆಸ್ನಾ 172 ಗಂಟೆಗೆ ಮೂವತ್ತು ಲೀಟರಿಗೂ ಮೇಲೆ ವಿಮಾನದ ಪೆಟ್ರೋಲಾದ ಏವ್‌ಗ್ಯಾಸ್ ಕುಡಿಯುತ್ತದೆ. ಇಂಡಿಯನ್ ಆಯಿಲ್ 2022ರಲ್ಲಿ ಇಲ್ಲಿಯೇ ತಯಾರಿಸತೊಡಗುವವರೆಗೆ ಅದೂ ಹೊರದೇಶದಿಂದಲೇ ಬರಬೇಕಿತ್ತು. ಎಂಜಿನ್ನನ್ನು ಸುಮಾರು 2,000 ಗಂಟೆಗೊಮ್ಮೆ ಪೂರ್ತಿ ಬಿಚ್ಚಿ ಕಟ್ಟಬೇಕು. ಆಮೇಲೆ ವಿಮೆ, ಹ್ಯಾಂಗರು. ಬಿಲ್ಲಿನಲ್ಲಿ "ಶಿಕ್ಷಕ" ಎಂದು ಬರೆದ ಸಾಲಿನ ಹಣವೆಲ್ಲ ಶಿಕ್ಷಕನ ಜೇಬಿಗೆ ಬೀಳುತ್ತದೆ ಎಂದುಕೊಂಡಿದ್ದೀರಾ? ಸಹಾಯಕ ಶಿಕ್ಷಕನಿಗೆ ಎಷ್ಟೋ ಕಡೆ ಸಣ್ಣ ಸಂಬಳ, ಅದರ ಮೇಲೆ ಹಾರಿದ ಗಂಟೆಗಿಷ್ಟು ಭತ್ಯೆ. ಮಳೆ ಹಿಡಿದರೆ ಗಂಟೆ ಇಲ್ಲ. ವಿಮಾನ ರಿಪೇರಿಗೆ ನಿಂತರೂ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಗಾಳಿ ತೆಳುವಾಗಿ ಪುಟ್ಟ ವಿಮಾನ ಏದುಸಿರು ಬಿಡುತ್ತ ಏರುತ್ತದೆ, ಹಾಗಾಗಿ ನಸುಕಿನ ಹಾರಾಟವೇ ಲೇಸು, ಮಧ್ಯಾಹ್ನವೆಲ್ಲ ಕಾಯುವುದು. ಹಿರಿಯ ಮುಖ್ಯ ಶಿಕ್ಷಕರಿಗೆ ಒಳ್ಳೆಯ ಸಂಬಳವಿದೆ, ಅಲ್ಲಗಳೆಯುವುದಿಲ್ಲ. ಅವರು ಸಿಗುವುದೇ ಅಪರೂಪ.

ಅಮೆರಿಕದಲ್ಲಿ 2013ರಿಂದ ವಿಮಾನ ಕಂಪನಿಗೆ ಸೇರಲು ಸಾಮಾನ್ಯವಾಗಿ 1,500 ಗಂಟೆ ಬೇಕು. ಆ ಗಂಟೆ ತುಂಬಿಸಿಕೊಳ್ಳಲೆಂದೇ ಹುಡುಗರು ಕಲಿಸಲು ನಿಲ್ಲುತ್ತಾರೆ, ತುಂಬಿದ ದಿನ ಹೊರಡುತ್ತಾರೆ. ಅಲ್ಲಿಯೂ ಶಾಲೆ ವಿದ್ಯಾರ್ಥಿಯಿಂದ ಒಂದು ದರ ಪಡೆದು ಶಿಕ್ಷಕನಿಗೆ ಅದರಲ್ಲೊಂದು ಪಾಲು ಕೊಡುತ್ತದೆ. ನಿಮ್ಮ ಮೊಮ್ಮಗನ ಶಿಕ್ಷಕನಿಗೆ ಇಪ್ಪತ್ತನಾಲ್ಕು ತುಂಬದಿರುವುದು ಏಕೆ ಎಂದು ಈಗ ತಿಳಿಯಿತೇ? ಮೂವತ್ತು ತುಂಬುವವರೆಗೆ ಅಲ್ಲಿರಲು ಅವನಿಗೆ ಯಾರೂ ಕಾರಣ ಕೊಟ್ಟಿಲ್ಲ. 2025ರಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ದೇಶದ ಹಾರಾಟ ಶಾಲೆಗಳಿಗೆ ಮೊದಲ ಬಾರಿ ಶ್ರೇಣಿ ಕೊಟ್ಟಾಗ ಎ ಶ್ರೇಣಿಗೆ ಒಂದೂ ಏರಲಿಲ್ಲ.

ಇನ್ನು ಲಕ್ಕಮ್ಮ. ಆ ತಾಯಿಯನ್ನು ಈ ವ್ಯಾಜ್ಯಕ್ಕೆ ಎಳೆದು ತಂದವರು ನೀವು, ನಾನಲ್ಲ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಗದರಿದವಳು ಆಕೆ. ಆಯ್ದವನ ಅಕ್ಕಿಯನ್ನು ಇನ್ನೊಬ್ಬ ಇಟ್ಟುಕೊಳ್ಳಲಿ ಎಂದು ಎಲ್ಲಿಯೂ ಹೇಳಲಿಲ್ಲ. ಕಾಯಕದ ಹೆಸರು ಹೇಳಿ ಕೂಲಿ ತಗ್ಗಿಸುವ ಜಾಣತನ ನಮ್ಮ ಕಾಲದ್ದು.

ಬೀದರಿಗೆ ಹೋದಾಗಲೆಲ್ಲ ನಾನು ಮಹಮೂದ್ ಗವಾನನ ಮದರಸಾದ ಮುಂದೆ ನಿಲ್ಲುತ್ತೇನೆ. 1472ರ ಆ ಕಟ್ಟಡದಲ್ಲಿ ಗ್ರಂಥಾಲಯ, ಪಾಠದ ಸಾಲೆಗಳ ಜೊತೆಗೆ ಕಲಿಸುವವರು ಇರಲು ಕೋಣೆಗಳನ್ನೂ ಕಟ್ಟಿಸಿದ್ದ ಆ ದಿವಾನ. ಅದೇ ಊರಿನ ವಾಯುಪಡೆ ನೆಲೆಯಲ್ಲಿ ಇಂದು ಹಾಕ್ ವಿಮಾನದ ಹಿಂದಿನ ಸೀಟಿನಲ್ಲಿ ಕುಳಿತು ಕಲಿಸುವ ಅಧಿಕಾರಿಗೆ ತಿಂಗಳ ಸಂಬಳವಿದೆ, ಮಳೆ ಬಂದರೂ ಬರುತ್ತದೆ. ಕಲಬುರಗಿಗೆ 2019ರಲ್ಲಿ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಬಂತು. 2021ರಲ್ಲಿ ಹಾರಾಟ ಶಾಲೆಗಳಿಗೆಂದು ಆಯ್ದ ಐದು ನಿಲ್ದಾಣಗಳಲ್ಲಿ ನಮ್ಮದೂ ಸೇರಿತು. ಸಂತೋಷ. ಆದರೆ ಡಾಂಬರಿಗೆ ಸಿಗುವ ಮರ್ಯಾದೆ ಪಾಠಕ್ಕೆ ಎಂದು ಸಿಕ್ಕಿದೆ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿತು, ನಮ್ಮ ಪದವಿ ಕಾಲೇಜುಗಳು ಇನ್ನೂ ಅತಿಥಿ ಉಪನ್ಯಾಸಕರ ಹೆಗಲ ಮೇಲೆಯೇ ನಿಂತಿವೆ. ಎಂಥ ಅತಿಥಿ! ಮನೆಗೆಲಸವೆಲ್ಲ ಅವನದು, ಊಟದ ಹೊತ್ತಿಗೆ ಮಾತ್ರ ಹೊರಗಿನವನು.

ಒಂದು ಕೆಲಸ ಮಾಡಿ ಮಾಸ್ತರರೇ. ಮುಂದಿನ ಬಾರಿ ಮೊಮ್ಮಗನನ್ನು ನೋಡಲು ಹೋದಾಗ ಆ ಹುಡುಗ ಶಿಕ್ಷಕನಿಗೆ ಒಂದು ಗಂಟು ಶೇಂಗಾ ಹೋಳಿಗೆ ಒಯ್ಯಿರಿ, ಕಳೆದ ತಿಂಗಳು ಕೈಗೆ ಬಂದದ್ದೆಷ್ಟು ಎಂದು ಮೆಲ್ಲಗೆ ಕೇಳಿ. ಅವನು ಹೇಳಿದ ಅಂಕಿಯನ್ನೂ ನಿಮ್ಮ ಬಿಲ್ಲನ್ನೂ ನನಗೆ ಕಳುಹಿಸಿ. ಹೆಸರಿಲ್ಲದೆ, ಎರಡನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

ಪತ್ರದ ಅಂಚಿನಲ್ಲಿ ನೀವು ಕೇಳಿದ ಇನ್ನೊಂದು ಪ್ರಶ್ನೆಗೆ: ಇಲ್ಲ, ತೊಗರಿಯ ಹೂವು ಉದುರುವುದು ಮಂಜಿಗೆ ಮತ್ತು ಮೋಡಕ್ಕೆ, ವಿಮಾನದ ಸದ್ದಿಗಲ್ಲ.