ಸಾವಿನ ಮನೆಗೆ ಹಿಟ್ಟು ಕೇಳಿದರೆ ಬೇಸರ ಯಾಕೆ?

(ಆಳಂದ ತಾಲ್ಲೂಕಿನ ಓದುಗರೊಬ್ಬರು ಆಫ್ರಿಕಾದ ಮಲಾವಿ ದೇಶದಿಂದ ಫೆಬ್ರುವರಿಯಲ್ಲಿ ಬರೆದ ಪತ್ರಕ್ಕೆ ಈ ಉತ್ತರ. ಹೆಸರು ಹಾಕಬೇಡಿ ಎಂದಿದ್ದಾರೆ. ಜೊಂಬಾ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಸ್ವಯಂಸೇವಕಿಯಾಗಿ ಗಣಿತ, ವಿಜ್ಞಾನ ಕಲಿಸುತ್ತಿದ್ದಾರೆ. ಪತ್ರದ ಸಾರ ಇಷ್ಟು: "ಬಂದ ಹೊಸತರಲ್ಲಿ ಎಲ್ಲಿ ಹೋದರೂ ನನಗೆ ಕುರ್ಚಿ ಹಾಕುತ್ತಿದ್ದರು, ಕೋಳಿ ಕೊಯ್ಯುತ್ತಿದ್ದರು. ತವರುಮನೆ ಹಾಗಿತ್ತು. ಈಗ ಕುರ್ಚಿ ಇಲ್ಲ, ಚಾಪೆ ತೋರಿಸುತ್ತಾರೆ. ಉಪ್ಪು, ಎಣ್ಣೆ ಕೇಳಿಕೊಂಡು ಬರುತ್ತಾರೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಹಿಟ್ಟು, ದುಡ್ಡು ಎತ್ತಲು ನನ್ನ ಬಾಗಿಲಿಗೂ ಬರುತ್ತಾರೆ. ಮೊನ್ನೆ ಒಂದು ಸಾವಿನ ದಿನ ನಾನು ಸಂತೆಗೆ ಹೋದೆ ಅಂತ ಪಕ್ಕದ ಮನೆಯಾಕೆ ಬೈದೇ ಬಿಟ್ಟರು. ಇವರಿಗೆ ನಾನು ಬರೀ ದುಡ್ಡಿನ ಚೀಲವಾ? ಇದು ನನ್ನ ಊರು ಅಂದುಕೊಂಡದ್ದು ಭ್ರಮೆಯಾ?")

ಪ್ರಿಯ ಓದುಗರೇ,

ಪತ್ರಿಕೆಗೆ ಬರುವ ಮೊದಲು ನಾನೂ ಆ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡಿದವನು. ಹಾಗಾಗಿ ಉತ್ತರ ಸ್ವಲ್ಪ ಜಾಸ್ತಿಯೇ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಲೆಕ್ಕ ತಿರುಗುಮುರುಗಾಗಿದೆ ಅನಿಸುತ್ತದೆ. ಕುರ್ಚಿ ಹಾಕಿ ಕೋಳಿ ಕೊಯ್ದಾಗ ನೀವು ನೆಂಟರಾಗಿದ್ದಿರಿ. ನೆಂಟರನ್ನು ಯಾರು ಬೈಯುತ್ತಾರೆ? ಆ ಹಳ್ಳಿಗಳಲ್ಲಿ ಕುರ್ಚಿ, ಸ್ಟೂಲು ಗಂಡಸರಿಗೆ ಮತ್ತು ಹೊರಗಿನಿಂದ ಬಂದವರಿಗೆ. ಹೆಂಗಸರು ಕೂರುವುದು ಚಾಪೆಯ ಮೇಲೆ, ಸೊಂಟಕ್ಕೆ ಚಿಟೆಂಜೆ ಬಟ್ಟೆ ಸುತ್ತಿಕೊಂಡು, ಕಾಲು ಚಾಚಿಕೊಂಡು. ನಿಮಗೆ ಚಾಪೆ ತೋರಿಸಿದ್ದಾರೆ ಅಂದರೆ ಅಲ್ಲಿದ್ದ ಹೆಂಗಸರು ಆಚೀಚೆ ಸರಿದು ಜಾಗ ಮಾಡಿದ್ದಾರೆ. ಗಂಡಸರಿಗೆ ಮಾತ್ರ ಯಾಕೆ ಕುರ್ಚಿ ಅನ್ನುವ ಪ್ರಶ್ನೆ ನಿಮಗೆ ಬಂದರೆ ಒಳ್ಳೆಯದೇ. ಅದನ್ನು ಚಾಪೆಯ ಮೇಲೆ ಕೂತೇ ಕೇಳಿ. ನನಗಿಂತ ಚುರುಕಾದ ಉತ್ತರ ಅಲ್ಲಿ ಸಿಗುತ್ತದೆ.

ಸಾವಿನ ವಿಷಯಕ್ಕೆ ಬರೋಣ, ನಿಮ್ಮ ಪತ್ರದ ತಿರುಳು ಇರುವುದು ಅಲ್ಲೇ. ಮಲಾವಿಯ ಹಳ್ಳಿಯಲ್ಲಿ ಸಾವು ಒಂದು ಮನೆಯ ಕೆಲಸ ಅಲ್ಲ, ಇಡೀ ಊರಿನದು. ಸುದ್ದಿ ಬಂದ ಕೂಡಲೇ ಹೊಲದ ಕೆಲಸ ನಿಲ್ಲುತ್ತದೆ. ಹೆಂಗಸರು ಹೆಣ ಇರುವ ಮನೆಯೊಳಗೆ ರಾತ್ರಿಯಿಡೀ ಹಾಡುತ್ತಾ ಕೂರುತ್ತಾರೆ. ಗಂಡಸರು ಹೊರಗೆ ಬೆಂಕಿ ಹಾಕಿಕೊಂಡು ಕೂರುತ್ತಾರೆ. ಗುಂಡಿ ತೋಡುವುದು, ಹೆಣ ಹೊರುವುದು ಅಡ್ಜುಕುಲು ಎಂದು ಕರೆಯುವ ಗುಂಪಿನ ಜವಾಬ್ದಾರಿ. ಬಂದವರಿಗೆಲ್ಲ ನ್ಸಿಮಾ ಅನ್ನುವ ಮುದ್ದೆ ಮಾಡಿ ಹಾಕಬೇಕಲ್ಲ, ಅದಕ್ಕೆ ಮೆಕ್ಕೆಜೋಳದ ಹಿಟ್ಟು, ಸೌದೆ, ಚೂರುಪಾರು ದುಡ್ಡು ಮನೆಮನೆಯಿಂದ ಸೇರುತ್ತದೆ. ಯಾರು ಕೊಟ್ಟರು, ಯಾರು ಬಂದರು ಎಂಬುದು ಊರಿಗೆ ನೆನಪಿರುತ್ತದೆ. ಪರರ ಮಣ್ಣಿಗೆ ಹೋಗದವನ ಮನೆಯಲ್ಲಿ ಸಾವಾದರೆ ಗುಂಡಿ ತೋಡಲು ಜನ ಸಿಗುವುದು ಕಷ್ಟ.

ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆದಿಡುವುದು ಇದೇ ಲೆಕ್ಕದ ಮೇಲೆ ತಾನೆ. ಮುಯ್ಯಿ ಪಟ್ಟಿಯಲ್ಲಿ ಹೆಸರಿರುವುದು ಸಂಬಂಧ ಇದ್ದವರದ್ದು. ಹಿಟ್ಟು ಎತ್ತಲು ಬಂದವರು ನಿಮ್ಮ ಮನೆ ಬಿಟ್ಟು ಮುಂದೆ ಹೋಗಿದ್ದರೆ ನಾನು ಚಿಂತೆ ಮಾಡುತ್ತಿದ್ದೆ. ಪಕ್ಕದ ಮನೆಯಾಕೆ ಬೈದದ್ದೂ ಅಷ್ಟೇ. ಬೇರೆ ದೇಶದಿಂದ ಬಂದವಳು, ಅವಳಿಗೇನು ಗೊತ್ತು ಅಂತ ಸುಮ್ನೆ ಇರಬಹುದಿತ್ತು. ಇರಲಿಲ್ಲ. ಊರಿನ ಹೆಂಗಸು ಸಂತೆಗೆ ಹೋಗಿದ್ದರೂ ಆಕೆ ಹೀಗೇ ಬೈಯುತ್ತಿದ್ದರು.

ಹಾಗಂತ ಬರುವ ಬೇಡಿಕೆಯೆಲ್ಲ ಪ್ರೀತಿಯಿಂದಲೇ ಬಂದದ್ದು ಅಂತ ನಾನು ಹೇಳುವುದಿಲ್ಲ. ನಿಮ್ಮ ಫೋನು ಕೊಡಿ, ಮಗನಿಗೆ ಭಾರತದಲ್ಲಿ ಕೆಲಸ ಕೊಡಿಸಿ ಅನ್ನುವವರೂ ಇರುತ್ತಾರೆ. ಅದು ನಿಮ್ಮನ್ನು ಹೊರಗಿನವರು ಅಂತ ನೋಡಿಯೇ ಕೇಳಿದ್ದು. ನಕ್ಕು ಇಲ್ಲ ಅನ್ನಿ, ಯಾರೂ ಮುನಿಸಿಕೊಳ್ಳುವುದಿಲ್ಲ. ಆದರೆ ಊರಿನ ಪ್ರತಿ ಮನೆಗೂ ಬರುವ ಬೇಡಿಕೆ ನಿಮ್ಮ ಮನೆಗೂ ಬಂದರೆ ಅದು ಬೇರೆ. ಉಳಿದ ಮೇಷ್ಟ್ರುಗಳ ಮನೆಯಿಂದ ಎಷ್ಟು ಹಿಟ್ಟು ಹೋಗುತ್ತದೆ ಅಂತ ವಿಚಾರಿಸಿ, ಅಷ್ಟೇ ಕೊಡಿ. ಜಾಸ್ತಿ ಕೊಡಬೇಡಿ. ದೊಡ್ಡ ನೋಟು ಕೊಟ್ಟ ದಿನವೇ ಕುರ್ಚಿ ವಾಪಸ್ ಬರುತ್ತದೆ.

ಇನ್ನೊಂದು ವಿಷಯ. ನೀವು ಪತ್ರ ಬರೆದದ್ದು ಫೆಬ್ರುವರಿಯಲ್ಲಿ. ಅಲ್ಲಿ ಇರುವುದು ಒಂದೇ ಮಳೆಗಾಲ, ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹೊಸ ಮೆಕ್ಕೆಜೋಳ ಕೈಗೆ ಬರುವುದು ಏಪ್ರಿಲ್ ಹೊತ್ತಿಗೆ. ಹೋದ ವರ್ಷದ ಕಾಳು ಜನವರಿ, ಫೆಬ್ರುವರಿಯಲ್ಲಿ ಬಹಳ ಮನೆಗಳಲ್ಲಿ ಖಾಲಿ. ಮಾರುಕಟ್ಟೆಯಲ್ಲಿ ಬೆಲೆ ಏರುವುದೂ ಆಗಲೇ, ಮಲೇರಿಯಾ ಹೆಚ್ಚುವುದೂ ಆಗಲೇ. ಅದಕ್ಕೇ ಸಾವೂ ಜಾಸ್ತಿ, ಉಪ್ಪು ಎಣ್ಣೆ ಕೇಳುವವರೂ ಜಾಸ್ತಿ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯ ಹೊಲ, ಮನೆ, ರಸ್ತೆಗಳನ್ನು ಕೊಚ್ಚಿಕೊಂಡು ಹೋಯಿತು. ಮರುವರ್ಷ ಮಾರ್ಚ್‌ನಲ್ಲಿ ಬರ ಬಂದು 28 ಜಿಲ್ಲೆಗಳ ಪೈಕಿ 23ರಲ್ಲಿ ಸರ್ಕಾರ ವಿಪತ್ತು ಘೋಷಿಸಿತು. ಅಂಥ ಏಟು ತಿಂದ ಊರಲ್ಲಿ ಒಂದು ಬಟ್ಟಲು ಎಣ್ಣೆ ಕೇಳಿ ಬಂದವರು ನಿಮ್ಮ ಜೇಬು ಅಳೆಯುತ್ತಿದ್ದಾರೆ ಅಂದುಕೊಳ್ಳಬೇಡಿ. ಅವರು ಇನ್ನೂ ನಾಲ್ಕು ಮನೆಗೆ ಹೋಗಿರುತ್ತಾರೆ.

ನಿಮಗೆ ಇನ್ನೊಂದು ತೊಡಕೂ ಇದೆ. ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು 1963ರಿಂದಲೇ ಆ ದೇಶಕ್ಕೆ ಬರುತ್ತಿದ್ದಾರೆ. ಸ್ವಾತಂತ್ರ್ಯಕ್ಕೂ ಒಂದು ವರ್ಷ ಮೊದಲಿನಿಂದ. ಬಿಳಿಯ ಮೇಷ್ಟ್ರನ್ನು ನೋಡಿ ಹಳ್ಳಿಗಳಿಗೆ ಅಭ್ಯಾಸವಾಗಿದೆ. ಆದರೆ ಭಾರತೀಯರು ಅಂದರೆ ಅವರ ಮನಸ್ಸಿಗೆ ಬರುವುದು ಪೇಟೆಯ ಅಂಗಡಿ, ಕೌಂಟರಿನ ಆಚೆ ಕೂತ ಸೇಠು. ಅಲ್ಲಿನ ಭಾರತ ಮೂಲದವರಲ್ಲಿ ಗುಜರಾತಿ ವ್ಯಾಪಾರಿಗಳೇ ಜಾಸ್ತಿ. ಒಂದು ಕಾಲಕ್ಕೆ ಅವರ ಅಂಗಡಿಗಳು ಹಳ್ಳಿಗಳಲ್ಲೂ ಇದ್ದವು. 1970ರ ದಶಕದಲ್ಲಿ ಆಗಿನ ಅಧ್ಯಕ್ಷ ಕಮುಜು ಬಾಂಡಾ ಅವರ ಸರ್ಕಾರ ಅವರನ್ನು ಹಳ್ಳಿಗಳಿಂದ ತೆಗೆದು ನಗರಗಳಿಗೆ ಕಳಿಸಿತು. ಹೀಗಾಗಿ ಹಳ್ಳಿಯವರಿಗೂ ಭಾರತೀಯರಿಗೂ ವ್ಯಾಪಾರ ಬಿಟ್ಟು ಬೇರೆ ಒಡನಾಟ ಬೆಳೆಯಲೇ ಇಲ್ಲ. ಬೋರ್‌ವೆಲ್ ಸಾಲಿನಲ್ಲಿ ಬಕೆಟ್ ಹಿಡಿದು ನಿಂತ ಭಾರತೀಯ ಹುಡುಗಿ ಅವರಿಗೆ ಹೊಸ ನೋಟ. ನಿಮ್ಮನ್ನು ಯಾವ ಖಾನೆಗೆ ಸೇರಿಸಬೇಕು ಅಂತ ಅವರೂ ಇಷ್ಟು ದಿನ ನೋಡುತ್ತಿದ್ದರು.

ಸುತ್ತ ಕಣ್ಣು ಹಾಯಿಸಿ, ಹೊರಗಿನಿಂದ ಬಂದವರು ನೀವೊಬ್ಬರೇ ಅಲ್ಲ. ದಕ್ಷಿಣ ಮಲಾವಿಯ ಲೋಮ್ವೆ, ಯಾವೊ, ನ್ಯಾಂಜಾ ಜನರಲ್ಲಿ ವಂಶ ಹೋಗುವುದು ತಾಯಿಯ ಕಡೆಯಿಂದ. ಹೊಲ ಹೆಣ್ಣುಮಕ್ಕಳ ಕಡೆ ಉಳಿಯುತ್ತದೆ, ಮುಖ್ಯಸ್ಥನ ಸ್ಥಾನ ಸೋದರಳಿಯನಿಗೆ ಹೋಗುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಒಂದೇ ವ್ಯತ್ಯಾಸ, ಅಲ್ಲಿ ಗಂಡ ಬಂದು ಹೆಂಡತಿಯ ಊರಲ್ಲೇ ಮನೆ ಕಟ್ಟುವುದು ಈಗಲೂ ರೂಢಿ. ನಿಮ್ಮ ಪಕ್ಕದ ಮನೆಯ ಯಜಮಾನರು ಬಹುಶಃ ಮನೆ ಅಳಿಯ. ಮೊಮ್ಮಕ್ಕಳಾದ ಮೇಲೂ ಅಳಿಯನೇ. ತೀರಿಕೊಂಡರೆ ಎಷ್ಟೋ ಕಡೆ ಹೆಣವನ್ನು ಅವರ ತಾಯಿಯ ಊರಿಗೆ ಒಯ್ಯುತ್ತಾರೆ. ಅಷ್ಟು ದಿನ ಆತ ಮಾಡುವುದು ಏನು? ಹೊಲದಲ್ಲಿ ದುಡಿಯುತ್ತಾರೆ, ಊರಿನ ಸಾವಿಗೆ ಹೋಗುತ್ತಾರೆ, ಅತ್ತೆ ಮನೆಯವರ ಹತ್ತಿರ ಬೈಸಿಕೊಳ್ಳುತ್ತಾರೆ. ಪೂರ್ತಿ ಒಳಗಿನವರಾಗದೆಯೂ ಅಲ್ಲಿ ಬದುಕು ಸಾಗಿಸುತ್ತಾರೆ. ಈ ಊರಲ್ಲಿ ಬಾಳುವುದು ಹೇಗೆ ಅಂತ ಅವರನ್ನು ಒಮ್ಮೆ ಕೇಳಿ ನೋಡಿ.

ನಿಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇದ್ದೇ ಇದೆ. ಜ್ವರ ಜೋರಾದರೆ ನಿಮ್ಮನ್ನು ಬ್ಲಾಂಟೈರ್ ನಗರಕ್ಕೆ ಕರೆದೊಯ್ಯಲು ಗಾಡಿ ಬರುತ್ತದೆ. ನಿಮ್ಮ ಹತ್ತಿರ ಪಾಸ್‌ಪೋರ್ಟ್ ಇದೆ, ವಾಪಸ್ ಟಿಕೆಟ್ ಇದೆ. ನಾನೂ ನಿಮ್ಮವಳೇ ಅಂತ ಹೇಳಿಕೊಂಡು ಓಡಾಡುವ ಅಗತ್ಯವಿಲ್ಲ. ಅವರು ಅದನ್ನು ಕೇಳಿಯೂ ಇಲ್ಲ. ಕೇಳಿದ್ದು ಹಿಟ್ಟು.

ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ ನೋಡಿ ಆಳಂದ ನೆನಪಾಗಿ ಅಳು ಬಂತು ಅಂತ ಬರೆದಿದ್ದೀರಿ. ಸಂಬಂಧ ನೆನಪಿಗಷ್ಟೇ ನಿಲ್ಲುವುದಿಲ್ಲ. ವರ್ಷಕ್ಕೆ 50 ಸಾವಿರ ಟನ್ ತೊಗರಿ ಕೊಳ್ಳುವುದಾಗಿ ಭಾರತ 2021ರಲ್ಲಿ ಮಲಾವಿ ಜೊತೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿನ ಕೊಯ್ಲು ಜುಲೈನಿಂದ ಶುರು. ನಮ್ಮದು ಡಿಸೆಂಬರ್, ಜನವರಿ. ನಮ್ಮ ರೈತರು ರಾಶಿ ಮಾಡುವ ಮೊದಲೇ ಅವರ ಮಾಲು ಬಂದಿರುತ್ತದೆ. ಆಮದಿನಿಂದ ರೇಟು ಬಿತ್ತು ಅಂತ ಕಲಬುರಗಿ ಎಪಿಎಂಸಿಯಲ್ಲಿ ರೈತರು ಬೈಯುವಾಗ, ಅವರು ಬೈಯುವ ಆ ತೊಗರಿಯನ್ನು ನಿಮ್ಮ ಪಕ್ಕದ ಮನೆಯಾಕೆಯಂಥವರು ಒಂದೆರಡು ಎಕರೆಯಲ್ಲಿ ಬೆಳೆದಿರುತ್ತಾರೆ. ಆಕೆಗೂ ಹೇಳಿಕೊಳ್ಳುವಂಥ ರೇಟು ಸಿಕ್ಕಿರುವುದಿಲ್ಲ. ನಡುವಿನ ದಲ್ಲಾಳಿಗಳ ಕಥೆ ಎರಡೂ ಕಡೆ ಒಂದೇ. ನಿಮ್ಮ ಅಪ್ಪನಿಗೂ ಆಕೆಗೂ ಒಮ್ಮೆ ಫೋನಿನಲ್ಲಿ ಮಾತಾಡಿಸಿ, ನೀವು ನಡುವೆ ಕೂತು ಮಾತು ದಾಟಿಸಿ. ಜಗಳ ಆದರೂ ಆಗಲಿ.

ಸಾವಿನ ಮನೆಯಲ್ಲಿ ರಾತ್ರಿಯಿಡೀ ಕೂರಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಮರುದಿನ ಪಾಠ ಇದ್ದರೆ ಬೇಕಿಲ್ಲ. ಸಂಜೆ ಚಿಟೆಂಜೆ ಸುತ್ತಿಕೊಂಡು ಹೋಗಿ, ಹಿಟ್ಟು ಕೊಟ್ಟು, ಸ್ವಲ್ಪ ಹೊತ್ತು ಕೂತು ಬನ್ನಿ. ಮಣ್ಣಿನ ಹೊತ್ತಿಗೆ ಮಾತ್ರ ತಪ್ಪಿಸಬೇಡಿ. ಒಬ್ಬರೇ ಹೋಗಬೇಡಿ, ಬೈದವರ ಜೊತೆಗೇ ಹೋಗಿ.

ಮತ್ತೆ ಜುಲೈನಲ್ಲಿ ಇನ್ನೊಂದು ಪತ್ರ ಹಾಕಿ. ಅಲ್ಲಿ ರೈತರ ಕೈಗೆ ತೊಗರಿ ಕಿಲೋಗೆ ಎಷ್ಟು ಸಿಗುತ್ತಿದೆ ಅಂತ ಬರೆಯಿರಿ. ಕಲಬುರಗಿ ಕಡೆಯ ನಮ್ಮ ಓದುಗರಿಗೆ ನನ್ನ ಈ ಉತ್ತರಕ್ಕಿಂತ ಅದೇ ಜಾಸ್ತಿ ಬೇಕಾದದ್ದು.

– ಸಂಪಾದಕ