ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಬೆಕ್ಕಿಗೆ ಚಿಗಟ, ಜಂತುಹುಳು ಎರಡೂ ಆಗಿವೆ. ಏನು ಮಾಡಬೇಕು?

ಚಿಗಟಕ್ಕೆ, ಹುಳುವಿಗೆ ಒಟ್ಟಿಗೇ ಔಷಧಿ ಕೊಡಿಸಿ, ಮನೆಯನ್ನೂ ಜೊತೆಗೇ ಸ್ವಚ್ಛ ಮಾಡಿ. ಒಂದನ್ನೇ ಮಾಡಿದರೆ ಸುಮ್ನೆ ದುಡ್ಡು ದಂಡ.

ಯಾಕೆಂದರೆ ಬೆಕ್ಕಿನ ಮೈಮೇಲೆ ಕಾಣುವ ಚಿಗಟಗಳು ಸಣ್ಣ ಪಾಲು ಮಾತ್ರ. ಮೊಟ್ಟೆಗಳು ಉದುರಿ ಕಾರ್ಪೆಟ್, ಹಾಸಿಗೆ, ನೆಲದ ಸಂದಿ ಸೇರುತ್ತವೆ. ಮರಿಗಳು ಅಲ್ಲೇ ಬೆಳೆದು ಗೂಡು ಕಟ್ಟುತ್ತವೆ. ಗೂಡಿನೊಳಗೆ ಸ್ಪ್ರೇ ಸರಿಯಾಗಿ ತಾಗುವುದಿಲ್ಲ, ಹಾಗಾಗಿ ವಾರಗಳ ನಂತರವೂ ಹೊಸ ಚಿಗಟ ಹೊರಬರುತ್ತದೆ. ಬೆಕ್ಕುಗಳಲ್ಲಿ ಸಾಮಾನ್ಯವಾದ ಒಂದು ಲಾಡಿಹುಳು ಬರುವುದೂ ಚಿಗಟದಿಂದಲೇ. ಮೈ ನೆಕ್ಕುವಾಗ ಬೆಕ್ಕು ಚಿಗಟ ನುಂಗುತ್ತದೆ, ಅದರೊಳಗಿನ ಹುಳು ಕರುಳು ಸೇರುತ್ತದೆ. ಮಗುವಿಗೂ ಇದು ಬರುವುದು ಚಿಗಟ ನುಂಗಿದರೆ ಮಾತ್ರ. ಅಪರೂಪ, ಔಷಧಿಯಿಂದ ವಾಸಿಯಾಗುತ್ತದೆ.

ನನಗೆ ಜಾಸ್ತಿ ಚಿಂತೆ ದುಂಡುಹುಳುವಿನದು. ಅದರ ಮೊಟ್ಟೆ ಬೆಕ್ಕಿನ ಮಲದಲ್ಲಿರುತ್ತದೆ, ಆದರೆ ಸೋಂಕು ತರುವಷ್ಟು ಬೆಳೆಯಲು 2ರಿಂದ 4 ವಾರ ಬೇಕು. ಮಲದ ತಟ್ಟೆಯನ್ನು ದಿನಾ ಖಾಲಿ ಮಾಡಿ, ಮಗುವಿಗೆ ಸಿಗದಂತೆ ಇಡಿ.

ದಿನಾ ವ್ಯಾಕ್ಯೂಮ್ ಮಾಡಿ, ಬೆಕ್ಕು ಮಲಗುವ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆಯಿರಿ. ಔಷಧಿಯನ್ನು ಬೆಕ್ಕಿನ ತೂಕ ನೋಡಿ ಪಶುವೈದ್ಯರೇ ಹೇಳಲಿ. ಕುತ್ತಿಗೆಗೆ ಹಾಕುವ ಹನಿಯಾದರೆ ಒಣಗುವ ತನಕ ಮಗು ಮುಟ್ಟಬಾರದು. ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ, ಅದರಿಂದ ಬೆಕ್ಕು ಸಾಯಬಹುದು.