ಫ್ಯಾಂಟಸಿ ಸ್ಟ್ರಾಟಜಿ ಗೇಮ್‌ಗಳಲ್ಲಿ ನೀರಿಗೆ, ಹಡಗು ಕಾಳಗಕ್ಕೆ ಏನು ಕೆಲಸ?

ಹೆಚ್ಚಿನ ಗೇಮ್‌ಗಳಲ್ಲಿ ನೀರು ಒಂದು ಗೋಡೆ, ಆದರೆ ಖರ್ಚು ಮಾಡಿದರೆ ದಾಟಬಹುದು. 1999ರ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ನೋಡಿ. ಅದರಲ್ಲಿ ಒಂದು ಸರದಿ ಅಂದ್ರೆ ಒಂದು ದಿನ. ದೋಣಿ ಹತ್ತಿದರೆ ಸಾಮಾನ್ಯವಾಗಿ ಆ ದಿನದ ನಡಿಗೆ ಮುಗಿಯಿತು, ಇಳಿದರೂ ಅಷ್ಟೇ. ಅಂದ್ರೆ ಶತ್ರುವಿನ ದಡದಲ್ಲಿ ಈಗಷ್ಟೇ ಇಳಿದ ಸೈನ್ಯ ಆ ದಿನ ಸುಮ್ನೆ ನಿಂತಿರುತ್ತದೆ. ಮೇಲೆ ಬೀಳೋಕೆ ಅದಕ್ಕಿಂತ ಒಳ್ಳೆ ಸಮಯ ಬೇಕಾ?

ಹಡಗು ಕಾಳಗಕ್ಕೆ ಬೆಲೆ ಬರೋದು ನೀರಿನಲ್ಲಿ ಗಳಿಸಲು ಏನಾದರೂ ಇದ್ದಾಗ. 1995ರ ‘ವಾರ್‌ಕ್ರಾಫ್ಟ್ 2’ರಲ್ಲಿ ಕಡಲಲ್ಲಿ ಎಣ್ಣೆ ಸಿಗುತ್ತಿತ್ತು. ಯುದ್ಧದ ಹಡಗು ಕಟ್ಟಲು ಅದು ಬೇಕೇ ಬೇಕು. ಹಾಗಾಗಿ ಎಣ್ಣೆ ತರುವ ಹಡಗುಗಳ ಮೇಲೇ ಜಾಸ್ತಿ ದಾಳಿ.

‘ಟೋಟಲ್ ವಾರ್: ವಾರ್‌ಹ್ಯಾಮರ್ 2’ರಲ್ಲಿ ಮಾತ್ರ ಹಡಗುಗಳ ಕಾಳಗವೇ ಇಲ್ಲ. ಕಡಲಲ್ಲಿ ಎದುರಾದವರು ದ್ವೀಪದ ಮೇಲೆ ಇಳಿದು ಬಡಿದಾಡುತ್ತಾರೆ! ನನಗಂತೂ ಗೇಮ್ ಮಾಡಿದವರು ಹಡಗು ಕಾಳಗದಿಂದ ಜಾರಿಕೊಂಡ ಹಾಗೆ ಅನ್ನಿಸಿತು.